ಅರ್ಧ ಕೇಳಿದ ಕೇಸು

ನ್ಯಾಯಾಂಗದ ಮೇಲೆ ಜನರಿಗೆ ನಂಬಿಕೆ ಹೋದರೆ ದೇಶ ಉಳಿಯುವುದಿಲ್ಲ. ಈ ಮಾತನ್ನು ನನ್ನ ಬೀಳ್ಕೊಡುಗೆಯ ದಿನ ಬಹಳ ಗಂಭೀರವಾಗಿ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ವೇದಿಕೆಯಿಂದ ಇಳಿದು, ನನಗೆ ಹೊದಿಸಿದ ಶಾಲು ಹೊಸದೋ ಅಥವಾ ಹಿಂದೆ ನಿವೃತ್ತರಾದ ಯಾರೋ ಮರೆತು ಹೋದದ್ದೋ ಎಂದು ಅಂಚು ತಿರುಗಿಸಿ ನೋಡಿದೆ. ಕಾನೂನು ಶಾಖೆಯಲ್ಲಿ ಬದುಕು ಸವೆಸಿದವನ ಕೈ ತಾನಾಗಿಯೇ ಅಂಚಿಗೆ ಹೋಗುತ್ತದೆ.

ನಾನಿದ್ದದ್ದು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ. ಯಾವುದೆಂದು ಬರೆಯುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ತುಮಕೂರು ಕಡೆಯಿಂದ ವರ್ಗವಾಗಿ ನಾಗಪುರಕ್ಕೆ ಬಂದಾಗ, ಎರಡು ವರ್ಷದಲ್ಲಿ ವಾಪಸು ಹೋಗುತ್ತೇವೆಂದು ಒಂದು ಟ್ರಂಕನ್ನು ಬಿಚ್ಚದೆಯೇ ಇಟ್ಟಿದ್ದೆವು. ಅದು ಇಂದಿಗೂ ಮಂಚದ ಕೆಳಗಿದೆ. ನೌಕರರು ಇಲಾಖೆಯ ಮೇಲೆ ಕೋರ್ಟಿಗೆ ಹೋದಾಗ, ಇಲಾಖೆ ನೌಕರರ ಮೇಲೆ ಹೋದಾಗ, ಕಾಗದಗಳನ್ನು ಹೊತ್ತು ಕೋರ್ಟಿನಲ್ಲಿ ಕೂತು, ಸಂಜೆ ಬಂದು ನಡೆದದ್ದನ್ನು ಬರೆದಿಡುವುದು ನನ್ನ ಕೆಲಸ. ವಕೀಲರು ವಾದಿಸುತ್ತಿದ್ದರು, ನ್ಯಾಯಮೂರ್ತಿಗಳು ತೀರ್ಪು ಕೊಡುತ್ತಿದ್ದರು, ನಾನು ಕಾಯುತ್ತಿದ್ದೆ. ಈಗ ಆ ಕುರ್ಚಿಗೆ ಬರುವ ಹುಡುಗ ಹುಡುಗಿಯರಿಗೆ ಕಾನೂನು ಪುಸ್ತಕದಲ್ಲಿ ಸಿಗದ ಕೆಲವು ಸಂಗತಿಗಳನ್ನು ಹೇಳಬೇಕಾಗಿದೆ.

ಮೊದಲನೆಯದು, ಕೋರ್ಟನ್ನು ನಮ್ಮ ಆಫೀಸಿನಂತೆ ತಿಳಿಯಬೇಡಿ. ಈ ತಪ್ಪನ್ನು ನಾನು ಬಂದ ವಾರವೇ ಮಾಡಿದೆ. ಒಂದು ಟಿಪ್ಪಣಿಯಲ್ಲಿ 'ಹೈಕೋರ್ಟಿನ ನಾಗಪುರ ಶಾಖೆ' ಎಂದು ಬರೆದಿದ್ದೆ. ನಮ್ಮ ಶಾಖಾಧಿಕಾರಿ ವಾನಖೇಡೆ ಸಾಹೇಬರು ಇದೇ ವಿದರ್ಭದ ಮಣ್ಣಿನವರು. ಟಿಪ್ಪಣಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಮೇಜಿನವರೆಗೆ ಬಂದರು.

"ಅರೇ ರಾವ್, ಶಾಖೆ ಅನ್ನೋದು ಬ್ಯಾಂಕಿಗೆ. ಇದು ಪೀಠ. ಮುಂಬಯಿಯಲ್ಲಿ ಕೂತರೂ ಹೈಕೋರ್ಟೇ, ಇಲ್ಲಿ ಕೂತರೂ ಹೈಕೋರ್ಟೇ. ಇಲ್ಲಿನ ಜಡ್ಜ್ ಸಾಹೇಬರು ಅಲ್ಲಿನವರ ಕೈಕೆಳಗಿನವರು ಅಂದುಕೊಂಡಿರಾ?"

"ಹಾಗಾದರೆ ಇವರ ಮೇಲೆ ಯಾರು ಸಾರ್?"

"ತೀರ್ಪಿನ ವಿಷಯಕ್ಕೆ ದಿಲ್ಲಿ. ಬೇರೆ ವಿಷಯಕ್ಕೆ ಯಾರೂ ಇಲ್ಲ."

ಮೇಲೆ ಯಾರೂ ಇಲ್ಲದ ಸರ್ಕಾರಿ ಕುರ್ಚಿಯನ್ನು ನಾನು ಕಂಡಿರಲಿಲ್ಲ. ಹಾಗಾಗಿ ಬಹಳ ದಿನ ಅನುಮಾನಿಸಿದೆ. ನಮ್ಮಲ್ಲಿ ಮೇಲಿನವರಿಗೆ ಕೆಳಗಿನವರ ನಿರ್ಧಾರ ಹಿಡಿಸದಿದ್ದರೆ ಒಂದು ಫೋನು ಸಾಕು. ಅಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಿರುಗಿಸಬಹುದು, ಆದರೆ ಅದನ್ನು ತೆರೆದ ಬಾಗಿಲಲ್ಲಿ, ಎರಡೂ ಕಡೆಯವರ ಎದುರಿಗೆ, ಕಾರಣ ಕೊಟ್ಟು ಮಾಡಬೇಕು. 'ನೀವು ಹೀಗೇಕೆ ಬರೆದಿರಿ' ಎಂದು ವಿವರಣೆ ಕೇಳಿ ಮೆಮೊ ಕಳಿಸುವ ಹಾಗಿಲ್ಲ. ಹೈಕೋರ್ಟಿನ ಒಳಗೂ ಅಷ್ಟೇ. ಯಾವ ಕೇಸು ಯಾರ ಮುಂದೆ ಹೋಗಬೇಕೆಂದು ನಿರ್ಧರಿಸುವುದು ಮುಖ್ಯ ನ್ಯಾಯಮೂರ್ತಿಗಳು. ಕೇಸು ಹೋದ ಮೇಲೆ ಅದನ್ನು ಹೀಗೆ ತೀರ್ಮಾನಿಸಿ ಎಂದು ಅವರೂ ಹೇಳುವಂತಿಲ್ಲ. ಹಂಚುವ ಅಧಿಕಾರ ಒಬ್ಬರದು, ತೀರ್ಮಾನಿಸುವ ಅಧಿಕಾರ ಇನ್ನೊಬ್ಬರದು. ಸಂವಿಧಾನ ಬರೆದವರು ಸರ್ಕಾರಿ ಕಚೇರಿಯನ್ನು ಚೆನ್ನಾಗಿ ನೋಡಿದವರೇ ಇರಬೇಕೆಂದು ನನಗೆ ಆಗ ಅನ್ನಿಸಿತು.

ಎರಡನೆಯದು, ಬೋರ್ಡು. ನಾಳೆ ಯಾವ ಕೋಣೆಯಲ್ಲಿ ಯಾವ ನ್ಯಾಯಮೂರ್ತಿಗಳು ಕೂರುತ್ತಾರೆ, ಅವರ ಮುಂದೆ ಯಾವ ಕೇಸುಗಳಿವೆ ಎಂಬ ಪಟ್ಟಿಗೆ ನಮ್ಮ ಕಡೆ ಬೋರ್ಡು ಎನ್ನುತ್ತಾರೆ. ಈಗ ಅದು ಫೋನಿನಲ್ಲಿ ಬರುತ್ತದೆ. ಎಷ್ಟನೇ ನಂಬರು ನಡೆಯುತ್ತಿದೆ ಎಂಬುದೂ ಮಿಣುಕುತ್ತದೆ. ಕ್ಯಾಂಟೀನಿನಲ್ಲಿ ತರ್ರಿ ಪೋಹಾ, ಅಂದರೆ ಖಾರದ ಸಾರು ಹೊಯ್ದ ಅವಲಕ್ಕಿ, ತಿನ್ನುತ್ತಲೇ ನೋಡಬಹುದು. ನನ್ನ ಕಾಲದಲ್ಲಿ ಗೋಡೆಗೆ ಅಂಟಿಸುತ್ತಿದ್ದರು, ನಾವು ಕತ್ತು ಚಾಚಿ ಹುಡುಕುತ್ತಿದ್ದೆವು. ಪಕ್ಕದಲ್ಲಿ ಎದುರು ಪಕ್ಷದ ಗುಮಾಸ್ತನೂ ಕತ್ತು ಚಾಚಿರುತ್ತಿದ್ದ. ನಮ್ಮ ಕೇಸು ಕಂಡರೂ ಕಾಣದವರಂತೆ ಇಬ್ಬರೂ ಬೇರೆ ಪುಟಕ್ಕೆ ಕಣ್ಣು ಹಾಯಿಸುತ್ತಿದ್ದೆವು. ಯಾಕೆಂದು ಕೇಳಬೇಡಿ. ಅವನು ಕಾಣದವನಂತೆ ಇರುತ್ತಿದ್ದ, ಅದಕ್ಕೇ ನಾನೂ.

ಈ ಅನುಮಾನದ ವಿದ್ಯೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಯಲ್ಲಪ್ಪನವರ ಕೇಸನ್ನು ಹೇಳಬೇಕು.

ಯಲ್ಲಪ್ಪ ಗದಗ ಕಡೆಯವರು, ನಮ್ಮ ಇಲಾಖೆಯ ಕಾರ್ಖಾನೆಯಲ್ಲಿ ಲಾರಿ ಚಾಲಕರು. ಒಂದು ದಿನ ಗೇಟಿನಲ್ಲಿ ಅವರ ಲಾರಿಯ ಸೀಟಿನ ಕೆಳಗೆ ಹಿತ್ತಾಳೆ ಚೂರಿನ ಚೀಲ ಸಿಕ್ಕಿತು. ಆ ಲಾರಿಗೆ ಹತ್ತಿ ಇಳಿಯುವವರು ಬೇಕಾದಷ್ಟು ಜನ. ಗೇಟಿನ ಪಹರೆಯವನು ವಿಚಾರಣೆಯಲ್ಲಿ 'ನನಗೆ ಅನುಮಾನ ಬಂತು' ಎಂದ. ಇಲಾಖೆ ಅದನ್ನೇ ರುಜುವಾತೆಂದು ಹಿಡಿದು ಅವರನ್ನು ಕೆಲಸದಿಂದ ತೆಗೆಯಿತು. ಅವರು ನೌಕರರ ನ್ಯಾಯಮಂಡಳಿಗೆ ಹೋದರು. ಅನುಮಾನವೇ ಪುರಾವೆಯಲ್ಲ, ವಾಪಸು ತೆಗೆದುಕೊಳ್ಳಿ ಎಂದು ಮಂಡಳಿ ಹೇಳಿತು. ಇಲಾಖೆ ಅದರ ಮೇಲೆ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಗೆದ್ದ ಯಲ್ಲಪ್ಪ ಹೊರಗೇ ಉಳಿದರು. ಹೊಟ್ಟೆಪಾಡಿಗೆ ಕಳಮನಾ ಮಾರ್ಕೆಟ್ಟಿನ ಮೆಣಸಿನಕಾಯಿ ಯಾರ್ಡಿನಲ್ಲಿ ಚೀಲ ಇಳಿಸುವ ಕೆಲಸಕ್ಕೆ ಸೇರಿದರು.

ನನಗೂ ಅವರ ಮೇಲೆ ಅನುಮಾನವಿತ್ತು. ಆಗ ನನಗೆ ಎಲ್ಲರ ಮೇಲೂ ಇತ್ತು, ಆದ್ದರಿಂದ ಅದರಲ್ಲಿ ಅವರಿಗೆ ವಿಶೇಷ ಅವಮಾನವೇನೂ ಇರಲಿಲ್ಲ. ವಾನಖೇಡೆ ಸಾಹೇಬರಿಗೆ ಅನುಮಾನ ಇದ್ದದ್ದು ನನ್ನ ಮೇಲೆ.

"ಆ ಯಲ್ಲಪ್ಪ ನಿಮ್ಮ ಕಡೆಯವನಂತೆ?"

"ನಾನು ತುಮಕೂರು ಸಾರ್, ಅವರು ಗದಗ. ನಡುವೆ ಅರ್ಧ ರಾಜ್ಯ ಇದೆ."

"ಭಾಷೆ ಒಂದೇ ಅಲ್ಲವಾ?"

"ಅವರು ಜೋರಾಗಿ ಮಾತಾಡಿದರೆ ನನಗೂ ಪೂರ್ತಿ ತಿಳಿಯುವುದಿಲ್ಲ ಸಾರ್."

ಸಾಹೇಬರು "ಬರೋಬರ್" ಎಂದರು. ಆದರೆ ಅಂದಿನಿಂದ ನನ್ನ ಟಿಪ್ಪಣಿಗಳನ್ನು ಎರಡು ಸಲ ಓದತೊಡಗಿದರು.

ಹೈಕೋರ್ಟಿನಲ್ಲಿ ಇಂಥ ಕೇಸನ್ನು ಇಬ್ಬರು ನ್ಯಾಯಮೂರ್ತಿಗಳು ಕೂತು ಕೇಳುತ್ತಾರೆ. ಯಲ್ಲಪ್ಪನವರ ಕೇಸು ಒಬ್ಬ ಹಿರಿಯರು, ಒಬ್ಬ ಕಿರಿಯರು ಇದ್ದ ಪೀಠದ ಮುಂದೆ ಬಂತು. ನಮ್ಮ ವಕೀಲರಾದ ಪಾಂಡೆ ಅರ್ಧ ದಿನ ವಾದಿಸಿದರು. ಯಲ್ಲಪ್ಪನವರ ವಕೀಲರಾದ ಮೇಶ್ರಾಮ್ ಎದ್ದು ನಿಲ್ಲುವಷ್ಟರಲ್ಲಿ ಹೊತ್ತು ಮುಗಿಯಿತು. ಹಿರಿಯ ನ್ಯಾಯಮೂರ್ತಿಗಳು ಮೇಶ್ರಾಮ್ ಕಡೆ ನೋಡಿ ಸಣ್ಣಗೆ ನಕ್ಕು, "ಉಳಿದದ್ದು ಆಮೇಲೆ" ಎಂದು ಎದ್ದರು.

ಹೊಸಬರು ಇಲ್ಲಿ ಕಿವಿಗೊಡಬೇಕು. ವಾದ ಶುರುವಾಗಿ ನಿಂತ ಕೇಸು 'ಅರ್ಧ ಕೇಳಿದ ಕೇಸು'. ನ್ಯಾಯಮೂರ್ತಿಗಳ ಪಾಳಿ ಕೆಲವು ವಾರಗಳಿಗೊಮ್ಮೆ ಬದಲಾಗುತ್ತದೆ, ಜೋಡಿಗಳೂ ಬದಲಾಗುತ್ತವೆ. ಅರ್ಧ ಕೇಳಿದ ಕೇಸು ಮಾತ್ರ ಅದೇ ಇಬ್ಬರಿಗೆ ಅಂಟಿಕೊಂಡಿರುತ್ತದೆ. ಮತ್ತೊಂದು ಪೀಠ ಮುಟ್ಟುವುದಿಲ್ಲ. ನಮ್ಮ ದುರದೃಷ್ಟಕ್ಕೆ ಹಿರಿಯರು ಮುಂಬಯಿಯಲ್ಲಿ ಕೂರಲು ಹೋದರು. ಕಿರಿಯರು ಇಲ್ಲೇ ಬೇರೊಬ್ಬರ ಜೊತೆ ಕೂತರು. ಈಗಿನ ಹಾಗೆ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಪರದೆಯ ಮೇಲೆ ಕಾಣಿಸಿಕೊಂಡು ಕೇಳುವ ಪದ್ಧತಿ ಆಗ ಇರಲಿಲ್ಲ. ಕೇಸು ನಡುವೆ ನೇತಾಡಿತು.

ಬಿಡಿಸಲು ದಾರಿ ಎರಡೇ. ಆ ಇಬ್ಬರನ್ನೂ ಒಂದು ದಿನ ಒಟ್ಟಿಗೆ ಕೂರಿಸಿ ಎಂದು ಮುಖ್ಯ ನ್ಯಾಯಮೂರ್ತಿಗಳನ್ನು ಬೇಡುವುದು ಒಂದು. ಇಲ್ಲವೇ ಆ ಪೀಠದ ಹಿರಿಯರ ಬಾಯಿಂದಲೇ 'ಈ ಕೇಸನ್ನು ಬಿಟ್ಟುಕೊಟ್ಟೆವು, ಯಾರಾದರೂ ಕೇಳಲಿ' ಎನ್ನಿಸುವುದು. ಎರಡಕ್ಕೂ ಯಾರಾದರೂ ಒಬ್ಬರು ಎದ್ದು ನಿಂತು ಕೇಳಬೇಕು.

ಯಾರೂ ಕೇಳಲಿಲ್ಲ.

ನಮ್ಮ ಕಚೇರಿಯಲ್ಲಿ ಇದರ ಮೇಲೆ ಗಂಭೀರ ಮಂತ್ರಾಲೋಚನೆ ನಡೆಯಿತು. ಪಾಂಡೆ ವಕೀಲರು ಚಹಾ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಹಿರಿಯ ಸಾಹೇಬರು ಆವತ್ತು ಮೇಶ್ರಾಮ್ ಕಡೆ ನೋಡಿ ನಕ್ಕರಲ್ಲ, ಸೋಲುವವನನ್ನು ನೋಡಿ ನಗೋದು ಅವರ ಪದ್ಧತಿ. ಪೀಠ ನಮ್ಮ ಕಡೆಗಿದೆ. ಬಿಟ್ಟುಕೊಡಿಸಬಾರದು."

"ಹಾಗಾದರೆ ಇಬ್ಬರನ್ನೂ ಕೂರಿಸಿ ಅಂತ ನಾವೇ ಕೇಳೋಣವೇ?" ಎಂದೆ.

ವಾನಖೇಡೆ ಸಾಹೇಬರು ಬಾಗಿಲು ಮುಚ್ಚಿದೆಯೇ ನೋಡಿದರು. "ಕೇಳಿದರೆ ನಮಗೆ ಆತುರ ಇದೆ ಅಂತ ಮೇಶ್ರಾಮ್‌ಗೆ ತಿಳಿಯುತ್ತದೆ. ಅವನು ಯಾಕೆ ಸುಮ್ಮನಿದ್ದಾನೆ, ಅದನ್ನು ಮೊದಲು ಯೋಚಿಸಿ. ಏನೋ ಹೂಡಿದ್ದಾನೆ."

ಮೇಶ್ರಾಮ್ ಏನು ಹೂಡಿದ್ದಾರೆಂದು ತಿಳಿಯುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಕೋರ್ಟಿನ ಕ್ಯಾಂಟೀನಿನಲ್ಲಿ ಒಮ್ಮೆ ಅವರ ಪಕ್ಕದಲ್ಲಿ ಕೂತು ಹವಾಮಾನದಿಂದ ಶುರು ಮಾಡಿದೆ. ನಾಗಪುರದ ಬಿಸಿಲಿನಿಂದ ಯಲ್ಲಪ್ಪನವರ ಕೇಸಿಗೆ ಬರಲು ಎರಡು ಚಹಾ ಬೇಕಾಯಿತು.

"ಯಾಕೆ ಕೇಳಬೇಕು ರಾವ್‌ಜೀ?" ಎಂದರು ಅವರು, ಬಾಯಿ ಒರೆಸಿಕೊಂಡು. "ಆವತ್ತು ದೊಡ್ಡ ಸಾಹೇಬರು ನನ್ನ ಕಡೆ ನೋಡಿ ನಕ್ಕದ್ದು ನೀವೂ ನೋಡಿದಿರಿ. ಪೀಠ ನಮ್ಮದು. ಸಾಹೇಬರು ವಾಪಸು ಬರಲಿ, ಕಾಯ್ತೀನಿ. ಆದರೆ ಒಂದು ಮಾತು. ನಿಮ್ಮವರು ಇಷ್ಟು ಸುಮ್ಮನೆ ಯಾಕಿದ್ದಾರೆ?"

"ಏನೂ ಇಲ್ಲ ವಕೀಲ್ ಸಾಹೇಬ್."

"ಏನೂ ಇಲ್ಲದೆ ಸರ್ಕಾರ ಸುಮ್ಮನಿರುತ್ತದೆಯೇ?" ಎಂದು ಅವರು ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು. ಆ ಔದಾರ್ಯವನ್ನು ನಾನು ವಾನಖೇಡೆಯವರಿಗೆ ವರದಿ ಮಾಡಿದೆ. ಅವರ ಮುಖ ಇನ್ನಷ್ಟು ಕಪ್ಪಿಟ್ಟಿತು. "ಚಹಾ ಕುಡಿಸಿದನೇ? ಹಾಗಾದರೆ ದೊಡ್ಡದೇ ಏನೋ ಇದೆ."

ಒಂದು ನಗೆ. ಅದನ್ನು ಎರಡು ಪಕ್ಷಗಳೂ ತಮ್ಮ ತಮ್ಮ ತಿಜೋರಿಯಲ್ಲಿಟ್ಟು ಕಾವಲು ಕೂತವು. ಒಂದು ಬೇಸಿಗೆ ಹೋಯಿತು, ಇನ್ನೊಂದು ಬಂತು. ಇಲಾಖೆಗೆ ಇದರಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲ. ತಡೆಯಾಜ್ಞೆ ಹಾಗೇ ಇತ್ತು.

ಕಳೆದುಕೊಳ್ಳುವವರು ಯಾರೆಂದು ನನಗೆ ಇತವಾರಿ ಬಜಾರಿನಲ್ಲಿ ತಿಳಿಯಿತು. ಅಲ್ಲಿನ ಒಂದು ಧಾನ್ಯದ ಅಂಗಡಿಯಲ್ಲಿ ರಾಗಿ ಸಿಗುತ್ತದೆ, ಒಳ್ಳೆಯ ಬಿಳಿಜೋಳವೂ ಸಿಗುತ್ತದೆ. ಹಾಗಾಗಿ ಎರಡು ಕರ್ನಾಟಕಗಳೂ ಭಾನುವಾರ ಅಲ್ಲಿ ಕೈಗಾಡಿಗಳ ನಡುವೆ ಸಂಧಿಸುತ್ತವೆ. ನಾನೂ ನನ್ನ ಹೆಂಡತಿ ಸರೋಜಳೂ ರಾಗಿ ತೂಗಿಸುತ್ತಿದ್ದಾಗ ಜೋಳದ ಚೀಲದ ಪಕ್ಕದಿಂದ ಒಬ್ಬ ಹೆಂಗಸು ಎದ್ದು ಬಂದರು. ಯಲ್ಲಪ್ಪನವರ ಹೆಂಡತಿ ಗಂಗವ್ವ.

"ರಾಯರ, ನಮ್ಮ ಮನ್ಯಾವ್ರ ಕೇಸು ಎಲ್ಲಿಗ್ ಬಂತ್ರೀ?"

"ನೋಡಮ್ಮಾ, ನಾನು ಎದುರು ಪಕ್ಷದವನು. ನನ್ನನ್ನ ಕೇಳಬಾರದು."

"ನೀವು ಎದುರು ಪಕ್ಷದಾವ್ರು, ಖರೆ ಐತಿ. ನಮ್ಮ ಪಕ್ಷದಾವ್ರು ಆ ವಕೀಲ್ರು. ಅವರು 'ತಡೀರಿ, ತಡೀರಿ' ಅಂತಾರ, ಬ್ಯಾರೆ ಮಾತಾ ಇಲ್ಲ. ಮತ್ತ ಯಾರ್ನ ಕೇಳ್ಲಿ ಹೇಳ್ರಿ?"

ನಾನು ರಾಗಿಯ ತಕ್ಕಡಿ ನೋಡಿದೆ.

"ಬರೂ ವರ್ಸ ಅವ್ರಿಗೆ ಅರವತ್ತು ತುಂಬ್ತಾವ್ರಿ," ಎಂದರು ಗಂಗವ್ವ. "ಅರವತ್ತಾದ ಮ್ಯಾಲ ಗೆದ್ರ ಕಾಗದ ಮನೀಗೆ ಬರ್ತೈತಿ, ಅಷ್ಟ. ಇವ್ರು ಅದನ್ನ ಒಲ್ಲೆ ಅಂತಾರ. ಯಾವ ಗೇಟಿನ್ಯಾಗ ಎಲ್ಲಾರ ಮುಂದ ಚೀಲಾ ಬಿಚ್ಚಿಸಿ ಹೊರಗ ಹಾಕಿದ್ರೋ, ಅದಾ ಗೇಟಿನ್ಯಾಗ ಒಳಗ ಹೋಗಬೇಕಂತ. ಒಂದ್ ದಿನಾ ಆದ್ರೂ ಆಗ್ಲಿ ಅಂತಾರ. ನಿಮ್ಮ ಕೋರ್ಟಿಗೆ ಅಷ್ಟೂ ಆಗಂಗಿಲ್ಲೇನ್ರೀ?"

ಸರೋಜ ನನ್ನನ್ನು ನೋಡಿದಳು. ಆ ನೋಟವನ್ನು ಯಾವ ಪೀಠಕ್ಕೂ ಒಪ್ಪಿಸಿ ಪಾರಾಗುವಂತಿರಲಿಲ್ಲ.

ಹಿಂದಿನ ಸಂಜೆಯಷ್ಟೇ ನಾನು ಬೋರ್ಡು ನೋಡಿ ಬಂದಿದ್ದೆ. ಮುಂಬಯಿಗೆ ಹೋಗಿದ್ದ ಹಿರಿಯ ನ್ಯಾಯಮೂರ್ತಿಗಳು ಮರುವಾರ ಕೆಲವು ದಿನಕ್ಕೆ ನಾಗಪುರದಲ್ಲಿ ಕೂರುವವರಿದ್ದರು, ಬೇರೆ ಕೇಸುಗಳಿಗಾಗಿ. ಅವರ ಬಾಯಿಂದ ಒಂದು ಮಾತು ಬಂದರೆ ಯಲ್ಲಪ್ಪನವರ ಕೇಸಿಗೆ ಬಿಡುಗಡೆ. ಇದು ಪಾಂಡೆಯವರಿಗೆ ಗೊತ್ತಿತ್ತು, ಮೇಶ್ರಾಮ್‌ಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಎದುರು ಪಕ್ಷದವರಿಗೆ ಸಲಹೆ ಕೊಡುವುದು ನನ್ನ ನೌಕರಿಗೆ ಸಲ್ಲದು. ಹೆಂಡತಿಯ ಜೊತೆ ಮಾತಾಡುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.

"ಸರೋಜಾ," ಎಂದೆ, ಅಂಗಡಿಯವನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, "ಮುಂಬಯಿಗೆ ಹೋಗಿದ್ರಲ್ಲ ಹಿರಿಯ ಜಡ್ಜ್ ಸಾಹೇಬರು, ಅವರು ಸೋಮವಾರದಿಂದ ಎರಡನೇ ಕೋರ್ಟಲ್ಲಿ ಕೂರ್ತಾರಂತೆ. ಅರ್ಧ ಕೇಳಿದ ಕೇಸನ್ನ ಅವರೇ ಬಿಟ್ಟುಕೊಡಬೇಕು, ಬೇರೆಯವರಿಗೆ ಆಗಲ್ಲ. ಬೋರ್ಡು ಗೋಡೆ ಮೇಲೇ ಇದೆ. ಯಾರು ಬೇಕಾದ್ರೂ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೋಬಹುದು."

"ಇಷ್ಟು ವರ್ಷದಲ್ಲಿ ಆಫೀಸಿನ ಒಂದು ಮಾತನ್ನ ಮನೇಲಿ ಆಡಿದವರಲ್ಲ ನೀವು," ಎಂದಳು ಸರೋಜ. "ಬಜಾರಲ್ಲಿ ನಿಂತು ಯಾಕೆ ಕಿರುಚ್ತೀರಿ? ನಂಗೆ ಕಿವಿ ಕೇಳುತ್ತೆ."

"ನಿಂಗೆ ಲೋಕಜ್ಞಾನ ಬೆಳೀಲಿ ಅಂತ."

ಗಂಗವ್ವ ಜೋಳದ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಹೊರಟುಹೋದರು.

ಸೋಮವಾರ ಎರಡನೇ ಕೋರ್ಟು ತುಂಬಿತ್ತು. ಬೇರೊಂದು ಕೇಸಿಗಾಗಿ ನಾನೂ ಅಲ್ಲಿದ್ದೆ, ಪಾಂಡೆಯವರೂ ಇದ್ದರು. ಮೇಶ್ರಾಮ್ ಇನ್ನೊಂದು ಸಾಲಿನಲ್ಲಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದವರಂತೆ ನೋಡುತ್ತಿದ್ದರು. ಯಲ್ಲಪ್ಪ ಬೆಳಗಿನ ಲಾರಿ ಇಳಿಸಿ ಕಳಮನಾದಿಂದ ಹಾಗೆಯೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೆಣಸಿನಕಾಯಿ ಯಾರ್ಡಿನವರ ಬಟ್ಟೆಯ ವಿಷಯ ನಾಗಪುರದವರಿಗೆ ಹೇಳಬೇಕಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಮೊದಲು ಹಿಂದಿನ ಸಾಲು ಸೀನಿತು. ಆಮೇಲೆ ನಡುವಿನ ಸಾಲು. ಸಂವಿಧಾನದ ಯಾವುದೋ ವಿಧಿಯನ್ನು ಉದ್ಧರಿಸುತ್ತಿದ್ದ ಒಬ್ಬ ಹಿರಿಯ ವಕೀಲರು ವಿಧಿಯ ನಡುವೆಯೇ ನಿಂತು ಕರವಸ್ತ್ರ ಹುಡುಕಿದರು. ಕೊನೆಗೆ ಪೀಠದ ಮೇಲೆಯೇ ಒಂದು ಸೀನು ಆಯಿತು.

ಹಿರಿಯ ನ್ಯಾಯಮೂರ್ತಿಗಳು ಕನ್ನಡಕ ತೆಗೆದರು. "ಕೋರ್ಟಿನಲ್ಲಿ ಒಗ್ಗರಣೆ ಹಾಕುತ್ತಿರುವವರು ಯಾರು?" ಎಂದು ಹಿಂದಿಯಲ್ಲಿ ಕೇಳಿದರು.

ಎಲ್ಲರೂ ತಿರುಗಿದರು. ಯಲ್ಲಪ್ಪ ಕೈಮುಗಿದು ಎದ್ದು ನಿಂತರು.

"ನಾನ್ರಿ ಸಾಹೇಬ್ರ," ಎಂದದ್ದು ಕನ್ನಡದಲ್ಲಿ. ಆಮೇಲೆ ಸುಧಾರಿಸಿಕೊಂಡು ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರು: "ಮೆಣಸಿನಕಾಯಿ ಹೊರ್ತೀನಿ. ಮೊದಲು ಸರ್ಕಾರಿ ಲಾರಿ ಓಡಿಸ್ತಿದ್ದೆ. ನನ್ನ ಕೇಸು ನಿಮ್ಮ ಹತ್ತಿರ ಅರ್ಧ ಆಗಿದೆ. ಉಳಿದ ಅರ್ಧ ನೀವಾದರೂ ಕೇಳಿ, ಬೇರೆ ಯಾರಿಗಾದರೂ ಕೇಳೋಕೆ ಕೊಡಿ. ನನಗೆ ವಯಸ್ಸು ಮುಗಿತಾ ಬಂತು."

"ಯಾವ ಕೇಸು?" ನ್ಯಾಯಮೂರ್ತಿಗಳು ಪಕ್ಕದವರನ್ನು ನೋಡಿದರು, ಕೆಳಗೆ ಕೂತ ಗುಮಾಸ್ತನನ್ನು ನೋಡಿದರು. ಅವರಿಗೆ ನೆನಪೇ ಇರಲಿಲ್ಲ. "ಇವರ ವಕೀಲರು ಯಾರು?"

ಮೇಶ್ರಾಮ್ ಎದ್ದರು. ಸರ್ಕಾರದ ವಕೀಲರು ಯಾರೆಂದು ಕೇಳಿದಾಗ ಪಾಂಡೆ ಎದ್ದರು. ನಗೆಯ ಒಡೆತನಕ್ಕೆ ಹೊಡೆದಾಡುತ್ತಿದ್ದ ಇಬ್ಬರೂ ಅಕ್ಕಪಕ್ಕದಲ್ಲಿ ನಿಂತರು. ನಕ್ಕವರು ಇಬ್ಬರನ್ನೂ ಅಪರಿಚಿತರಂತೆ ನೋಡಿದರು.

"ಇಷ್ಟು ಕಾಲ ಒಬ್ಬರಾದರೂ ಬಂದು ಹೇಳಬಾರದಿತ್ತೇ?"

"ಮಹಾಸ್ವಾಮಿಗಳಿಗೆ ತೊಂದರೆ ಆಗಬಾರದೆಂದು," ಎಂದರು ಪಾಂಡೆ.

"ನನ್ನದೂ ಅದೇ ಭಾವನೆ," ಎಂದರು ಮೇಶ್ರಾಮ್. ಆ ಕೇಸಿನಲ್ಲಿ ಉಭಯ ಪಕ್ಷಗಳು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ನ್ಯಾಯಮೂರ್ತಿಗಳು ಒಂದೇ ವಾಕ್ಯ ಬರೆಸಿದರು: ಈ ಕೇಸನ್ನು ಅರ್ಧ ಕೇಳಿದ್ದೆಂದು ಪರಿಗಣಿಸಬೇಕಿಲ್ಲ, ಪಾಳಿಯಲ್ಲಿರುವ ಪೀಠದ ಮುಂದೆ ಬೇಗ ಬರಲಿ. ಆಮೇಲೆ ಫ್ಯಾನು ನಿಲ್ಲಿಸಲು ಹೇಳಿದರು.

ಸಂಜೆ ವಾನಖೇಡೆ ಸಾಹೇಬರು ನನ್ನನ್ನು ಒಳಗೆ ಕರೆದರು. ಕೂರಲು ಹೇಳಲಿಲ್ಲ.

"ಆ ಜಡ್ಜ್ ಸಾಹೇಬರು ಬರ್ತಾರೆ ಅಂತ ಅವನಿಗೆ ಯಾರು ಹೇಳಿದರು?"

"ಬೋರ್ಡು ಗೋಡೆಗೆ ಅಂಟಿಸಿರ್ತಾರೆ ಸಾರ್."

"ಅವನಿಗೆ ಅದನ್ನು ಓದೋಕೆ ಬರುತ್ತದಾ?"

"ಲಾರಿ ಚಾಲಕರು ಸಾರ್. ಬೋರ್ಡು ಓದದೆ ಊರಾಚೆಯ ಬುಟಿಬೋರಿ ಕೂಡ ದಾಟೋಕಾಗಲ್ಲ."

"ಮೇಶ್ರಾಮನದೇ ಕೆಲಸ," ಎಂದರು ಅವರು. "ಮೆಣಸಿನಕಾಯಿ ಪುಡಿ ಬೇಕೆಂದೇ ಹಾಕಿಸಿ ಕಳಿಸಿದ್ದಾನೆ. ನಾನು ಹೇಳಿರಲಿಲ್ಲವೇ, ದೊಡ್ಡದೇನೋ ಹೂಡಿದ್ದಾನೆ ಅಂತ?" ತಮ್ಮ ಅನುಮಾನ ನಿಜವಾದ ಸಂತೋಷ ಅವರ ಮುಖದಲ್ಲಿತ್ತು. ನಾನು ಅದನ್ನು ಕೆಡಿಸಲಿಲ್ಲ.

ಹೊಸ ಪೀಠ ಒಂದೇ ಬೆಳಗ್ಗೆ ಎರಡೂ ಕಡೆ ಕೇಳಿ ಇಲಾಖೆಯ ಅರ್ಜಿಯನ್ನು ವಜಾ ಮಾಡಿತು. ಇಲಾಖೆಗೆ ಸೋಲನ್ನು ಒಪ್ಪಿಕೊಳ್ಳುವ ಪದ್ಧತಿಯಿಲ್ಲ. ಕಡತ ದಿಲ್ಲಿಗೆ ಹೊರಟಿತು, ಹೊತ್ತವನು ನಾನು. ಸುಪ್ರೀಂ ಕೋರ್ಟೆಂದರೆ ಫೋಟೋದಲ್ಲಿರುವ ಹಾಗೆ ನ್ಯಾಯಮೂರ್ತಿಗಳೆಲ್ಲ ಸಾಲಾಗಿ ಕೂತಿರುತ್ತಾರೆ, ಯಲ್ಲಪ್ಪನವರ ಹಿತ್ತಾಳೆ ಚೀಲವನ್ನು ದೇಶದ ಅಷ್ಟೂ ವಿವೇಕ ಒಟ್ಟಿಗೆ ತೂಗಿ ನೋಡುತ್ತದೆ ಎಂದು ಒಳಗೊಳಗೇ ಅಂದುಕೊಂಡಿದ್ದೆ. ಒಳಗೆ ಇಬ್ಬರಿದ್ದರು.

"ಉಳಿದವರು?" ಎಂದು ನಮ್ಮ ದಿಲ್ಲಿಯ ವಕೀಲರನ್ನು ಪಿಸುಮಾತಿನಲ್ಲಿ ಕೇಳಿದೆ.

"ಬೇರೆ ಬೇರೆ ಕೋಣೆಯಲ್ಲಿ. ಸಾಧಾರಣ ಕೇಸಿಗೆ ಇಬ್ಬರು, ಮೂವರು. ಸಂವಿಧಾನದ ಅರ್ಥವೇ ಪ್ರಶ್ನೆಯಾದಾಗ ಕನಿಷ್ಠ ಐದು ಜನ. ಇಬ್ಬರು ಹೇಳಿದರೂ ಅದು ಇಡೀ ಕೋರ್ಟು ಹೇಳಿದ ಹಾಗೆಯೇ. ಸುಮ್ಮನಿರಿ, ನಮ್ಮ ನಂಬರು ಬಂತು."

ನಂಬರು ಬಂತು, ಹೋಯಿತು. ಚೀಲ ಯಾರು ಇಟ್ಟದ್ದೆಂದು ಯಾರಾದರೂ ನೋಡಿದ್ದಾರೆಯೇ ಎಂದು ಒಬ್ಬ ನ್ಯಾಯಮೂರ್ತಿ ಕೇಳಿದರು. ಇಲ್ಲ, ಆದರೆ ಬಲವಾದ ಅನುಮಾನ ಇದೆ ಎಂದರು ನಮ್ಮ ವಕೀಲರು. "ವಜಾ" ಎಂದರು ಇನ್ನೊಬ್ಬರು. ಜಗತ್ತಿನ ಅತಿ ದೊಡ್ಡ ಪ್ರಜಾಪ್ರಭುತ್ವದ ಅತ್ಯುನ್ನತ ನ್ಯಾಯಾಲಯದಲ್ಲಿ ನಮ್ಮ ಇಲಾಖೆ ಇದ್ದದ್ದು, ನಾನು ಕಡತದ ದಾರ ಬಿಚ್ಚುವಷ್ಟು ಹೊತ್ತು. ಮತ್ತೆ ಕಟ್ಟಲು ಹೆಚ್ಚು ಹೊತ್ತು ಹಿಡಿಯಿತು.

ಯಲ್ಲಪ್ಪನವರು ಆ ಚೀಲ ಇಟ್ಟಿದ್ದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ತಿಳಿಯದೆ ಇರುವಾಗ ಏನು ಮಾಡಬೇಕೆಂಬುದಕ್ಕೇ ಈ ಕೋರ್ಟುಗಳನ್ನೆಲ್ಲ ಕಟ್ಟಿದ್ದಾರೆ ಎಂಬುದು ಮಾತ್ರ ತಡವಾಗಿ ತಿಳಿಯಿತು. ಹೊಸಬರೇ, ಅನುಮಾನಪಡಿ, ಬೇಡ ಎನ್ನುವುದಿಲ್ಲ. ಕಾನೂನು ಶಾಖೆಯವರಿಗೆ ಅದು ಆಹಾರ. ಸಂಜೆ ವರದಿ ಬರೆಯುವಾಗ ಮಾತ್ರ ಅನುಮಾನವನ್ನು ಅನುಮಾನ ಎಂದೇ ಬರೆಯಿರಿ.

ಆದೇಶ ಬಂದ ಮರುವಾರ ಯಲ್ಲಪ್ಪನವರು ಮುಖ್ಯ ಗೇಟಿನಿಂದ ಒಳಗೆ ಹೋದರು. ಗೇಟಿನಲ್ಲಿ ಅವರ ಊಟದ ಡಬ್ಬಿ ತೆಗೆಸಿ ನೋಡಿದರು. ರೊಟ್ಟಿ ಇತ್ತು. ನಾಲ್ಕು ತಿಂಗಳು ಲಾರಿ ಓಡಿಸಿ, ವಯಸ್ಸು ತುಂಬಿ ನಿವೃತ್ತರಾದರು.